ಋಣ ಎಂದರೆ ಕಳೆಯುವುದು

18 ನವೆಂಬರ್ 2025, ಮಂಗಳವಾರ

ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ನಿನ್ನೆ ರಾತ್ರಿ ತಿದ್ದಿ ಮುಗಿಸಿದೆ. ಋಣಾತ್ಮಕ ಪುನರ್ಬಲನಕ್ಕೆ, ಅಂದರೆ ಬೇಡವಾದದ್ದನ್ನು ಕಳೆದು ಒಂದು ವರ್ತನೆಯನ್ನು ಹೆಚ್ಚಿಸುವುದಕ್ಕೆ, ಉದಾಹರಣೆ ಕೊಡಿ ಎಂದರೆ ಹೆಚ್ಚಿನವರು ಬರೆದದ್ದು ಒಂದೇ: ಮನೆಗೆಲಸ ಮಾಡದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವುದು. ಅದು ಶಿಕ್ಷೆ. ಬಿ.ಇಡಿ. ಮುಗಿಸಿ ನಾಳೆ ಮಕ್ಕಳ ಮುಂದೆ ನಿಲ್ಲುವವರು ಇವರು. ಕೆಂಪು ಗೆರೆ ಎಳೆದು ಸುಮ್ಮನಾಗಲು ಮನಸ್ಸು ಬರಲಿಲ್ಲ. ಇಂದಿನ ಪಾಠ ಬದಿಗಿಟ್ಟು ಮತ್ತೆ ಅಲ್ಲಿಗೇ ಹೋದೆ.

ತೊಡಕಿರುವುದು ಹೆಸರಿನಲ್ಲೇ. ಋಣಾತ್ಮಕ ಎಂದ ಕೂಡಲೇ ನಮ್ಮ ಕಿವಿಗೆ ಅದು ಕೆಟ್ಟದ್ದು ಎಂದೇ ಕೇಳಿಸುತ್ತದೆ. ಇಲ್ಲಿ ಅದು ಬರಿಯ ಲೆಕ್ಕದ ಋಣ ಚಿಹ್ನೆ. ಏನನ್ನೋ ಕಳೆಯುತ್ತೇವೆ, ಅಷ್ಟೆ. ಪುನರ್ಬಲನ ಎಂದ ಮೇಲೆ ವರ್ತನೆ ಹೆಚ್ಚಬೇಕು, ಶಿಕ್ಷೆ ಎಂದರೆ ತಗ್ಗಬೇಕು. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪ್ರಾಣಿಗಳ ವರ್ತನೆಯ ಪ್ರಯೋಗಕ್ಕೆಂದು ರೂಪಿಸಿದ ಪೆಟ್ಟಿಗೆಯಲ್ಲಿ ಇಲಿಗೆ ಕಾಲಡಿಯಲ್ಲಿ ವಿದ್ಯುತ್ತು ಚುರುಗುಟ್ಟುತ್ತದೆ. ಸನ್ನೆಕೋಲು ಒತ್ತಿದರೆ ನಿಲ್ಲುತ್ತದೆ. ಮುಂದಿನ ಸಲ ಇಲಿ ಬೇಗ ಒತ್ತುತ್ತದೆ. ನೋವು ಕಳೆಯಿತು, ಒತ್ತುವುದು ಬಲಗೊಂಡಿತು. ಸ್ವತಃ ಸ್ಕಿನ್ನರ್ 1938ರಲ್ಲಿ ಈ ಹೆಸರನ್ನು ಶಿಕ್ಷೆಯ ಅರ್ಥದಲ್ಲೇ ಬಳಸಿ, 1953ರ ಹೊತ್ತಿಗೆ ಈಗಿನ ಅರ್ಥಕ್ಕೆ ಬಂದರು ಎಂದಾಗ ಬಾಡಿದ್ದ ಮುಖಗಳು ಕೊಂಚ ಅರಳಿದವು.

ತರಗತಿಯಿಂದ ಹೊರಗೆ ಕಳಿಸುವುದು ಏನು ಎಂದು ಕೇಳಿದೆ. ಶಿಕ್ಷೆ ಎಂದರು ಎಲ್ಲರೂ. ಕಿಟಕಿಯ ಪಕ್ಕದ ಹುಡುಗಿ ಮಾತ್ರ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತ ಕೂತಿದ್ದಳು. ಆಮೇಲೆ ಎದ್ದು, "ನನ್ನ ತಮ್ಮ ಗಣಿತದ ಅವಧಿಯಲ್ಲಷ್ಟೇ ಗಲಾಟೆ ಮಾಡುತ್ತಿದ್ದ, ಮೇಡಂ. ಮೇಷ್ಟ್ರು ದಿನವೂ ಹೊರಗೆ ನಿಲ್ಲಿಸುತ್ತಿದ್ದರು. ಅವನಿಗೆ ಬೇಕಾದದ್ದೂ ಅದೇ" ಎಂದಳು.

ಎಷ್ಟು ಸರಿಯಾಗಿ ಹಿಡಿದಳು! ಹುಡುಗನಿಗೆ ಗಣಿತ ಕಳೆಯಿತು, ಗಲಾಟೆ ಬೆಳೆಯಿತು. ಮೇಷ್ಟ್ರಿಗೆ ಗಲಾಟೆ ಕಳೆಯಿತು, ಹೊರಗಟ್ಟುವ ಅಭ್ಯಾಸ ಬೆಳೆಯಿತು. ಇಬ್ಬರೂ ಒಬ್ಬರಿಗೊಬ್ಬರು ಪಾಠ ಹೇಳಿಕೊಡುತ್ತಿದ್ದರು, ಇಬ್ಬರಿಗೂ ಅದು ಗೊತ್ತಿರಲಿಲ್ಲ. ಶಿಕ್ಷೆ ಕೊಟ್ಟೆನೆಂದು ನಾವು ಅಂದುಕೊಂಡರೆ ಸಾಲದು. ಮರುದಿನ ಮಗು ಏನು ಮಾಡಿತು ಎಂದು ನೋಡಬೇಕು. ಇದನ್ನು ಎರಡು ಸಲ ಹೇಳಿದೆ. ಬರೆದುಕೊಳ್ಳಿ ಎಂದೂ ಹೇಳಿದೆ.

ಸಂಜೆ ಬಸ್ಸಿನಲ್ಲಿ ಮುಂದಿನ ಸೀಟಿನ ಮಗು ಮೊಬೈಲಿಗಾಗಿ ಅಳತೊಡಗಿತು. ತಾಯಿ ಮೂರು ನಿಲ್ದಾಣಗಳವರೆಗೆ ಗಟ್ಟಿಯಾಗಿಯೇ ಇದ್ದಳು. ಜನ ತಿರುಗಿ ತಿರುಗಿ ನೋಡಿದಾಗ ಕೊಟ್ಟುಬಿಟ್ಟಳು. ಅಳು ಅಲ್ಲಿಗೇ ನಿಂತಿತು. ಅಷ್ಟು ಹೊತ್ತೂ ಬಿಗಿದುಕೊಂಡಿದ್ದ ಅವಳ ಹೆಗಲು ಮೆಲ್ಲನೆ ಇಳಿದದ್ದನ್ನು ಹಿಂದಿನಿಂದ ಕಂಡೆ. ಮಗುವಿಗೆ ಮೊಬೈಲು ಕೂಡಿತು, ತಾಯಿಗೆ ಅಳು ಕಳೆಯಿತು. ನಾಳೆ ಬೋರ್ಡಿನ ಮೇಲೆ ಮೊದಲು ಬರೆಯುವುದು ಇದನ್ನೇ. ತಾಯಿಯದೇ ತಪ್ಪು ಎಂದು ಯಾರಾದರೂ ಅಂದರೆ, ಆ ಹೆಗಲಿನ ವಿಷಯ ಹೇಳಬೇಕು.