ಮುಂದೆ ಗುರುತಿದ್ರೆ ಪಾರ್ಸರ್‌ಗೆ ಊಹೆ ಯಾಕೆ?

ಪುಣೆಯ ಹಿಂಜೆವಾಡಿಯಲ್ಲಿ ಬ್ಯಾಂಕ್ ಮೆಸೇಜ್ ಪಾರ್ಸ್ ಮಾಡೋ, ಅಂದ್ರೆ ಓದಿ ಫೀಲ್ಡ್ ಫೀಲ್ಡಾಗಿ ಬಿಡಿಸೋ, ನಮ್ಮ ಟೀಮಲ್ಲಿ ಕನ್ನಡದವ್ರು ಸುಮಾರು ಜನ ಇದೀವಿ, ಚಹಾ ಕುಡೀತಾ ಡಿಎಫ್‌ಡಿಎಲ್ ಸ್ಕೀಮಾ (ಡೇಟಾ ಯಾವ ರೂಪದಲ್ಲಿರತ್ತೆ ಅಂತ ಪಾರ್ಸರ್‌ಗೆ ಹೇಳೋ ವಿವರಣೆ) ಬಗ್ಗೆ ವಾದ ನಡೀತಾನೇ ಇರತ್ತೆ, ಅದ್ರಲ್ಲಿ ನಾನು ಬಿಡದೆ ಹಿಡ್ಕೊಂಡಿರೋ ಮಾತು ಒಂದೇ, ಫೀಲ್ಡ್ ಮುಂದೆ ಇನಿಷಿಯೇಟರ್, ಅಂದ್ರೆ ಶುರುವಿನ ಗುರುತು, ಇದ್ರೆ ಅದನ್ನ ನೋಡಿಯೇ ಯಾವ ಫೀಲ್ಡ್ ಅಂತ ತೀರ್ಮಾನ ಆಗ್ಬೇಕು.

ಬ್ಯಾಂಕ್‌ಗಳ ನಡುವೆ ಮೆಸೇಜ್ ಸಾಗಿಸೋ ಸ್ವಿಫ್ಟ್‌ನ ಎಂಟಿ103 ಅನ್ನೋ ಹಣ ಪಾವತಿ ಮೆಸೇಜ್ ತಗೊಳ್ಳಿ. ದುಡ್ಡು ಕಳಿಸೋರ ವಿವರ :50ಎ:, :50ಎಫ್:, :50ಕೆ: ಈ ಮೂರರಲ್ಲಿ ಯಾವ ರೂಪದಲ್ಲಾದ್ರೂ ಬರ್ಬಹುದು. ಕೆ ಅಂದ್ರೆ ಅಕೌಂಟ್ ನಂಬರ್, ಕೆಳಗೆ 35 ಅಕ್ಷರದ ನಾಲ್ಕು ಲೈನ್‌ವರೆಗೆ ಹೆಸ್ರು ವಿಳಾಸ. ಅಕೌಂಟ್ ನಂಬರ್ ಜೊತೆ ಬರೋ ಎಫ್ ಕೂಡ ಆ ಅಳತೆಗೆ ಆರಾಮಾಗಿ ಕೂತ್ಬಿಡತ್ತೆ, ಹಾಗಾಗಿ ಒಳಗಿನ ಟೆಕ್ಸ್ಟ್ ನೋಡಿ ಯಾವ್ದು ಅಂತ ಹೇಳೋಕೆ ಹೋದ್ರೆ ಸ್ಕೀಮಾದಲ್ಲಿ ಮೊದ್ಲು ಬರ್ದಿರೋ ಬ್ರಾಂಚ್ (ಆಯ್ಕೆ) ಗೆಲ್ಲತ್ತೆ, ಎರರ್ ಕೂಡ ಬರಲ್ಲ. ಇದು ನಿಜಕ್ಕೂ ಅಪಾಯ.

ಇನ್ನೊಂದು, ವಿಜಯಪುರದ ನಮ್ಮ ಹುಡುಗ ಕೇಳಿದ್ದು: "ಅಣ್ಣಾ, 50 ಫೀಲ್ಡ್ ಸರಿ ಐತಿ, ಎರರ್ ಯಾಕ ಅದರ ಮ್ಯಾಲೇ ಬರಾಕತ್ತೈತಿ?" ನೋಡಿದ್ರೆ ಮೇಲಿನ ಲೈನಲ್ಲಿ :33ಬಿ:ಯುಎಸ್‌ಡಿ12500.00 ಅಂತಿತ್ತು. ಸ್ವಿಫ್ಟ್‌ನಲ್ಲಿ ದಶಮಾಂಶಕ್ಕೆ ಕಾಮಾ ಬೇಕು, ಚುಕ್ಕೆ ನಡಿಯಲ್ಲ. 33ಬಿ ಆಪ್ಷನಲ್ ಫೀಲ್ಡ್, ಮೊತ್ತ ಫೇಲ್ ಆದ ಕೂಡ್ಲೇ ಪಾರ್ಸರ್ "ಓ, ಈ ಫೀಲ್ಡೇ ಇಲ್ಲ" ಅಂದ್ಕೊಂಡು ಹಿಂದೆ ಬಂದು, 50 ಹುಡುಕಿ, ಅದು ಸಿಗ್ಲಿಲ್ಲ ಅಂತ ದೂರು ಕೊಡ್ತು. ಸ್ಕೀಮಾದ ಸೀಕ್ವೆನ್ಸ್ (ಒಂದಾದ್ಮೇಲೊಂದು ಬರೋ ಫೀಲ್ಡ್‌ಗಳ ಸಾಲು) ಮೇಲೆ ಇನಿಷಿಯೇಟೆಡ್‌ಕಂಟೆಂಟ್ ಅನ್ನೋ ಪ್ರಾಪರ್ಟಿಗೆ ಯೆಸ್ ಅಂತ ಹಾಕಿದ್ರೆ :33ಬಿ: ಕಂಡ ಕ್ಷಣಕ್ಕೇ ಫೀಲ್ಡ್ ಇದೆ ಅಂತ ಖಾತ್ರಿ, ಆಮೇಲೆ ಒಳಗೆ ಏನೇ ಕೆಟ್ರೂ ಹಿಂದೆ ಹೋಗೋ ಹಾಗಿಲ್ಲ, ಎರರ್ ಸರಿಯಾಗಿ ಆ ಮೊತ್ತದ ಮೇಲೇ ಬೀಳತ್ತೆ. ಹಲವು ಬ್ರಾಂಚ್‌ಗಳಲ್ಲಿ ಒಂದನ್ನ ಆರಿಸೋ ಚಾಯ್ಸ್‌ಗೂ ಇದೇ ಪ್ರಾಪರ್ಟಿ, ಪ್ರತಿ ಬ್ರಾಂಚ್‌ಗೂ ಇನಿಷಿಯೇಟರ್ ಇರ್ಲೇಬೇಕು ಅಷ್ಟೆ. ಇನಿಷಿಯೇಟರ್ ಪೂರ್ತಿ ಬರೀರಿ, ಕೊನೆಯ ಕೋಲನ್ ಸಮೇತ; ಬರೀ :50 ಅಂತ ಬಿಟ್ರೆ ಮೂರಕ್ಕೂ ಹೊಂದತ್ತೆ.

ಮೆಸೇಜ್ ಬರೆಯೋರ ಕಡೆಯಿಂದಲೂ ಶಿಸ್ತು ಬೇಕು. ಪಾವತಿ ಯಾತಕ್ಕೆ ಅಂತ ಬರೆಯೋ :70: ಥರದ ಫೀಲ್ಡ್‌ನಲ್ಲಿ ಮನಸ್ಸಿಗೆ ಬಂದಿದ್ದು ಬರೀಬಹುದು, ಆದ್ರೆ ಅದರ ಮುಂದಿನ ಲೈನ್ ಕೋಲನ್‌ನಿಂದ ಶುರುವಾಗಬಾರ್ದು ಅನ್ನೋ ನಿಯಮ ಇದೆ. ಎಷ್ಟು ಚಂದದ ನಿಯಮ ನೋಡಿ, ಅದೊಂದು ಇರೋದ್ರಿಂದ್ಲೇ ಲೈನ್ ಶುರುವಲ್ಲಿ ಕಂಡ ಕೋಲನ್ನ ನಾವು ಕಣ್ಣುಮುಚ್ಚಿ ನಂಬಬಹುದು. ಗುರುತೇ ಇಲ್ಲದ ಹಳೇ ಫೈಲ್‌ಗಳಿಗೆ ಡಿಸ್ಕ್ರಿಮಿನೇಟರ್ (ಇದೇ ಬ್ರಾಂಚ್ ಅಂತ ಖಾತ್ರಿ ಮಾಡೋ ಷರತ್ತು) ಬರೀಬೇಕಾಗತ್ತೆ, ಡಿಎಫ್‌ಡಿಎಲ್ ಸ್ಕೀಮಾ ಓಡಿಸೋ ಅಪಾಚೆ ಡ್ಯಾಫೊಡಿಲ್ ಸಾಫ್ಟ್‌ವೇರಲ್ಲಿ ಎರಡೂ ಟ್ರೈ ಮಾಡ್ಬಹುದು.