ರೀಫ್ ಟ್ಯಾಂಕ್ ಆರ್ಡರ್ ಆತು: ಐದಡಿ ಉದ್ದ, ಎರಡೂವರಿ ಅಡಿ ಅಗಲ

ಹುಬ್ಬಳ್ಳಿ, 3 ಮೇ 2025, ಶನಿವಾರ

ಇವತ್ತ ಮಧ್ಯಾಹ್ನ ಗೋಕುಲ ರೋಡ್ ಕಡೆ ಇರೋ ಗ್ಲಾಸ್ ವರ್ಕ್‌ಶಾಪಿಗೆ ಹೋಗಿ ರೀಫ್ ಟ್ಯಾಂಕಿಗೆ, ಅಂದ್ರ ಉಪ್ಪುನೀರಿನ್ಯಾಗ ಕೋರಲ್ (ಹವಳ), ಮೀನು ಸಾಕೂ ಗ್ಲಾಸ್ ಟ್ಯಾಂಕಿಗೆ, ಅಡ್ವಾನ್ಸ್ ಕೊಟ್ಟು ಬಂದೆ. ಅಳತಿ ಫೈನಲ್ ಆತು, ಉದ್ದ 5 ಅಡಿ, ಹಿಂದ ಮುಂದ ಅಗಲ ಎರಡೂವರಿ ಅಡಿ, ಎತ್ತರ 20 ಇಂಚು, 12 ಎಂಎಂ ಗ್ಲಾಸ್. ಲೆಕ್ಕ ಹಾಕಿದ್ರ ಸುಮಾರು 590 ಲೀಟರ್ ನೀರು ಹಿಡೀತೈತಿ. ಬಸವ ಜಯಂತಿ ದಿವಸಾನ ಅಡ್ವಾನ್ಸ್ ಕೊಡು ಅಂತ ಅವ್ವ ಅಂದಿದ್ಲು, ಅವತ್ತ ವರ್ಕ್‌ಶಾಪ್ ಸೂಟಿ, ಹಿಂಗಾಗಿ ಇವತ್ತ.

ಅಂಗಡ್ಯಾಗ ಎಲ್ಲಾರೂ ಹೇಳೂದು ಒಂದ, ಆರಡಿ ಉದ್ದ, ದೀಡ ಅಡಿ ಅಗಲ, ಎರಡಡಿ ಎತ್ತರ ತಗೊಳ್ರಿ, ಪಡಸಾಲ್ಯಾಗ ಭಾಳ ಚಂದ ಕಾಣತೈತಿ ಅಂತ. ಎದುರಿಗೆ ನಿಂತು ನೋಡಿದ್ರ ಕಾಣತೈತಿ ಖರೆ, ಆದ್ರ ರೀಫ್ ಅಂದ ಮ್ಯಾಲ ಒಳಗ ಕಲ್ಲು ಜೋಡಸಬೇಕು, 18 ಇಂಚ ಅಗಲದಾಗ ಕಲ್ಲು ಇಟ್ರ ಅದು ಹೋಗಿ ಹಿಂದಿನ ಗ್ಲಾಸಿಗೆ ಆನಿಕೊಂಡ ನಿಲ್ಲತೈತಿ, ಅದರ ಹಿಂದ ನೀರು ಆಡೂದಿಲ್ಲ, ಮೀನಿನ ಹೊಲಸು, ತಿಂದು ಬಿಟ್ಟ ಫುಡ್ ಎಲ್ಲಾ ಅಲ್ಲೇ ಕುಂತು ಕೊಳೀತೈತಿ, ನೀರಿನ್ಯಾಗ ನೈಟ್ರೇಟ್ ಅನ್ನೂ ಹೊಲಸಿನ ಅಂಶ ಏರತೈತಿ. 30 ಇಂಚ ಅಗಲ ಇದ್ರ ನಡುವ ಎರಡು ದಿಬ್ಬ ಮಾಡಿ ಸುತ್ತೂಕಡೆ ನೀರು ತಿರುಗೂ ಹಂಗ ಬಿಡಬಹುದು, ಮೀನೂ ಕಲ್ಲಿನ ಹಿಂದ ಹೋಗಿ ಈ ಕಡೆ ಬರ್ತಾವು. ಎತ್ತರ ಕಡಿಮಿ ಮಾಡೂದಕ್ಕೂ ಕಾರಣ ಐತಿ. ಗ್ಲಾಸಿನ ಮ್ಯಾಲೆ ನೀರಿನ ಪ್ರೆಷರ್ ಬರೂದು ಎಷ್ಟ ಆಳ ಐತಿ ಅನ್ನೂದರ ಮ್ಯಾಲ. ಅದರ ಜೋಡಿ ನಾನು ಹೊರಗ ನಿಂತು ಕೈ ಇಳಿಬಿಟ್ರ ತಳದ ಉಸುಕು ಮುಟ್ಟಬೇಕು, ಇಲ್ಲಾಂದ್ರ ಬಿದ್ದ ಕೋರಲ್ ಎತ್ತಾಕ ಪ್ರತೀ ಸಲ ಸ್ಟೂಲ್ ಹತ್ತಬೇಕಾಗತೈತಿ. ಕೋರಲ್ ಬದುಕೂದು ತನ್ನ ಮೈಯೊಳಗ ಇರೋ ಸಣ್ಣ ಪಾಚಿ ಮಾಡಿಕೊಡೂ ಆಹಾರದ ಮ್ಯಾಲ, ಆ ಪಾಚಿಗೆ ಬೆಳಕು ಬೇಕು, ಆಳ ಕಡಿಮಿ ಇದ್ರ ಕಡಿಮಿ ವಾಟಿನ ಲೈಟನ್ಯಾಗ ತಳದ ತನಕ ಬೆಳಕು ಮುಟ್ಟತೈತಿ.

ಆರಡಿ ಬಿಟ್ಟದ್ದಕ್ಕ ಒಂದು ಬೆಲಿ ಕೊಡಬೇಕಾತು. ಮಗಳಿಗೆ ನೀಲಿ ಟ್ಯಾಂಗ್ ಅನ್ನೂ ಮೀನು ಬೇಕಾಗಿತ್ತು. ಅಂಗಡ್ಯಾಗ ಅದು ಎರಡು ಮೂರು ಇಂಚಿನ ಮರಿ ಇರತೈತಿ, ಬೆಳದ್ರ ಒಂದಡಿ ತನಕ ಹೋಗತೈತಿ, ದಿನಪೂರ್ತಿ ಓಡಾಡೂ ಮೀನು, ಐದಡಿ ಅದಕ್ಕ ಸಾಲೂದಿಲ್ಲ. "ಪಪ್ಪಾ, ಸಣ್ಣದ ಇದ್ದಾಗ ಇಟ್ಕೊಂಡು ಆಮ್ಯಾಲ ಯಾರಿಗರೆ ಕೊಡೂಣು" ಅಂದ್ಲು. ಕೊಡಾಕ ಹುಬ್ಬಳ್ಳ್ಯಾಗ ಅಷ್ಟು ದೊಡ್ಡ ಉಪ್ಪುನೀರಿನ ಟ್ಯಾಂಕ್ ಇಟ್ಟವರು ನನಗ ಯಾರೂ ಗೊತ್ತಿಲ್ಲವಾ ಅಂತ ಹೇಳಿದೆ, ಸುಮ್ನಾದ್ಲು. ಅದರ ಬದಲಿ ಕ್ಲೌನ್ ಮೀನಿನ ಜೋಡಿ ಬರತಾವು, ಅವು ಐದಡ್ಯಾಗ ಆರಾಮ ಇರತಾವು, ಮತ್ತ ಕ್ಲೌನ್ ಮೀನಿನ ಮರಿ ಹ್ಯಾಚರ್‍ಯಾಗ ಮಾಡೂ ಪದ್ಧತಿನ ನಮ್ಮ ದೇಶದ ಸಿಎಂಎಫ್‌ಆರ್‌ಐ (ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ತಮಿಳುನಾಡಿನ ಮಂಡಪಂನ್ಯಾಗ ಮಾಡಿ ತೋರಸ್ಯಾರ, ಸಮುದ್ರದಿಂದ ಹಿಡದು ತಂದ ಮೀನು ತಗೊಳ್ಳೂ ಗರಜಿಲ್ಲ.

ಅಳತಿಗಿಂತ ಮೊದಲ ಕುಂತು ವಿಚಾರ ಮಾಡಬೇಕಾಗಿದ್ದು ನೆಲದ್ದು. ಇದನ್ನ ಟ್ಯಾಂಕ್ ಮಾರೂ ಮಂದಿ ಯಾರೂ ಎತ್ತೂದ ಇಲ್ಲ, ಅದಕ್ಕ ಇಲ್ಲಿ ಬಿಡಿಸಿ ಬರೀತೀನಿ. ಉಪ್ಪುನೀರು ಲೀಟರಿಗೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿನ ತೂಗತೈತಿ, ಅಂದ್ರ ನೀರ 600 ಕೆಜಿ, ಗ್ಲಾಸ್ 100 ಕೆಜಿ ಮ್ಯಾಲ (12 ಎಂಎಂ ಗ್ಲಾಸ್ ಚದರ ಮೀಟರಿಗೆ 30 ಕೆಜಿ), ಕಲ್ಲು, ಉಸುಕು, ಕಬ್ಬಿಣದ ಸ್ಟ್ಯಾಂಡ್, ಕೆಳಗ ಸಂಪ್ (ಪಂಪ್ ಇಡೂ ಇನ್ನೊಂದು ಸಣ್ಣ ಟ್ಯಾಂಕ್), ಅದರಾಗಿನ ನೀರು, ಎಲ್ಲಾ ಕೂಡಿಸಿದ್ರ ಒಂದು ಟನ್ನಿನ ಹತ್ರ ಬರತೈತಿ. ಇಷ್ಟೂ ಭಾರ ಬೀಳೂದು ಬರೇ ಹನ್ನೆರಡೂವರಿ ಚದರಡಿ ಜಾಗಾದ ಮ್ಯಾಲ, ಚದರ ಮೀಟರಿಗೆ 850 ಕೆಜಿ ಲೆಕ್ಕ ಆತು. ಮನಿ ಸ್ಲ್ಯಾಬ್ ಡಿಸೈನ್ ಮಾಡೂ ಮುಂದ ಐಎಸ್ 875 ಅನ್ನೂ ಭಾರತೀಯ ಮಾನದಂಡದ ಪ್ರಕಾರ ಇಂಜಿನಿಯರ್ ಮಂದಿ ಹಿಡಿಯೋ ಲೈವ್ ಲೋಡ್ (ಮಂದಿ, ಸಾಮಾನಿನ ಭಾರ) ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದ್ರ ಸುಮಾರು 200 ಕೆಜಿ. ಅದು ಇಡೀ ರೂಮಿನ ಲೆಕ್ಕ, ಗ್ವಾಡಿ ಹತ್ರ ತೊಲಿ ಮ್ಯಾಲ ಇಟ್ರ ನಡೀತೈತಿ ಅನ್ನವರೂ ಅದಾರ, ಆದ್ರ ಇಂಜಿನಿಯರ್ ಬಂದು ಡ್ರಾಯಿಂಗ್ ನೋಡಿ ಹೂಂ ಅನ್ನೂ ತನಕ ಮ್ಯಾಲಿನ ಮಜಲಿನ್ಯಾಗ ಇಷ್ಟು ದೊಡ್ಡ ಟ್ಯಾಂಕ್ ಇಡಬ್ಯಾಡ್ರಿ. ನಾನು ಕೆಳಗ ಪಡಸಾಲಿನ ಆರಿಸಿದೆ.

ಕೆಳಗಂದ್ರ ಎಲ್ಲಾ ಮುಗೀತು ಅಂತಲ್ಲ, ನಮ್ಮದು ಎರಿ ಭೂಮಿ. ಮಳಿಗಾಲದಾಗ ಎರಿ ಮಣ್ಣು ನೀರು ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಕುಗ್ಗಿ ಬಿರಕ ಬಿಡತೈತಿ, ಅಡಿಪಾಯ ಆಳಕ್ಕ ಹೋಗಿರೋ ಗ್ವಾಡಿಗೆ ಏನೂ ಆಗೂದಿಲ್ಲ, ಆದ್ರ ನಡುವಿನ ನೆಲ ಇಳೀತೈತಿ. ನಮ್ಮ ಪಡಸಾಲಿ ಶಾಬಾದ ಫರಸಿದು, ಕೆಳಗ ಬರೇ ಗರಸು ತುಂಬಿದ್ದು. ಗೌಂಡಿ ಕಾಕಾ ಬಂದು ಲೆವೆಲ್ ಪೈಪ್ ಹಿಡದ್ರು, ಪೈಪಿನ ಒಂದ ತುದಿ ಈ ಮೂಲ್ಯಾಗ ನಾನು ಹಿಡದೆ, ಇನ್ನೊಂದ ತುದಿ ಅವರು ಆ ಮೂಲ್ಯಾಗ, ನೀರು ನಿಂತ ಮ್ಯಾಲ ಪೆನ್ಸಿಲ್‌ಲೆ ಗ್ವಾಡಿಗೆ ಗೆರಿ ಹೊಡದು ಟೇಪ್ ಹಚ್ಚಿ ನೋಡಿದ್ರ ಐದಡಿಗೆ ಮುಕ್ಕಾಲು ಇಂಚು ಇಳಕಲ. "ತಮ್ಮಾ, ನೆಲ ತೊಳದ ನೀರು ಬಾಗಿಲ ಕಡೆ ಹರೀಲಿ ಅಂತ ಅವಾಗ ಬೇಕಂತನ ಹಿಂಗ ಹಾಕ್ಯಾರ, ನಿನ್ನ ಟ್ಯಾಂಕಿಗೆ ಇದು ನಡಿಯೂದಿಲ್ಲ" ಅಂದ್ರು. ಖರೇನ ನಡಿಯೂದಿಲ್ಲ, ಮುಕ್ಕಾಲು ಇಂಚು ವಾಲಿದ್ರ ಒಂದು ಕಡೆ ಸಿಲಿಕಾನ್ ಜಾಯಿಂಟಿಗೆ ದಿನಾ ಜಾಸ್ತಿ ಎಳತ. ಫರಸಿ ಎಬ್ಬಿಸಿ, ಗರಸಿಗೆ ನೀರು ಹಾಕಿ ದಿಮ್ಮಸ ಹೊಡದು, ಮ್ಯಾಲ ಸರಳು ಕಟ್ಟಿ ಕಾಂಕ್ರೀಟ್ ಹಾಕಿದ್ರು, ಟ್ಯಾಂಕಿಗಿಂತ ಸುತ್ತೂಕಡೆ ಅರ್ಧ ಅಡಿ ದೊಡ್ಡದು. ಅದಕ್ಕ ಈಗ ನೀರು ಉಣಿಸಾಕತ್ತೀವಿ, ಟ್ಯಾಂಕ್ ಬರೂದರೊಳಗ ಚೊಲೋತ್ನಾಗೆ ಗಟ್ಟಿ ಆಗಿರತೈತಿ.

ಇನ್ನ ಬ್ಯಾಸಗಿ. ರೀಫಿಗೆ ನೀರು 24ರಿಂದ 27 ಡಿಗ್ರಿ ಒಳಗ ಇರಬೇಕು. ಇಲ್ಲೆ ಏಪ್ರಿಲ್ ಮೇ ಒಳಗ ಹೊರಗ 37, 38 ಮುಟ್ಟತೈತಿ. ಸಮುದ್ರದಾಗನ ವಾಡಿಕಿಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತ್ರ ಕೋರಲ್ ತನ್ನೊಳಗಿನ ಪಾಚಿನ ಹೊರಗ ಹಾಕಿ ಬೆಳ್ಳಗ ಆಗತೈತಿ, ಹಂಗ ಭಾಳ ದಿನ ಇದ್ರ ಸಾಯತೈತಿ. ಅದಕ್ಕ ನಾನು ಮ್ಯಾಲ ಗ್ಲಾಸ್ ಮುಚ್ಚಳ ಬ್ಯಾಡ ಅಂದೆ, ಮೀನು ಜಿಗೀಬಾರದು ಅಂತ ಬರೇ ಜಾಳಗಿ, ಬಾಜೂಕ ಫ್ಯಾನ್. ನಮ್ಮ ಬ್ಯಾಸಗಿ ಗಾಳಿ ಒಣ ಗಾಳಿ, ಹರವ್ಯಾಗಿನ ನೀರು ಹೆಂಗ ತಣ್ಣಗಾಗತೈತೋ ಇದೂ ಹಂಗ, ಇಷ್ಟು ನೀರಿನ್ಯಾಗ ಒಂದು ಲೀಟರ್ ಆವಿ ಆಗಿ ಹೋದ್ರ ಉಳದ ನೀರು ಸುಮಾರು ಒಂದು ಡಿಗ್ರಿ ಇಳೀತೈತಿ. ಆದ್ರೂ ಫ್ಯಾನ್ ಒಂದನ್ನ ನಂಬಿ ಕೋರಲ್ ಇಡೂದು ನನ್ನ ಮನಸಿಗೆ ಬರಲಿಲ್ಲ, ಚಿಲ್ಲರ್ ಬೇಕ ಬೇಕು, ಅದನ್ನ ಹಿತ್ತಲದಾಗ ನೆರಳಿಗೆ ಇಟ್ಟು ಪೈಪ್ ಒಳಗ ತರತೀನಿ. ಚಿಲ್ಲರ್ ನೀರಿನ ಬಿಸಿ ತೆಗದು ಹೊರಗ ಊದತೈತಿ, ಅದನ್ನ ಸ್ಟ್ಯಾಂಡಿನ ಕಪಾಟಿನೊಳಗ ಇಟ್ರ ಆ ಬಿಸಿ ಗಾಳಿ ಅಲ್ಲೇ ತಿರುಗಾಡತೈತಿ, ಕರೆಂಟ್ ಬಿಲ್ ಏರೂದು ಅಷ್ಟ.

ಆವಿ ಆಗೂದು ಬರೇ ನೀರು, ಉಪ್ಪು ಟ್ಯಾಂಕನ್ಯಾಗನ ಉಳೀತೈತಿ, ಅದಕ್ಕ ದಿನಾ ಕಡಿಮಿ ಆದಷ್ಟು ಸಿಹಿನೀರು ಹಾಕಬೇಕು, ಅದೂ ಆರ್‌ಓ ಫಿಲ್ಟರ್ ಆದ ಮ್ಯಾಲ ಉಳದ ಲವಣ ಹಿಡಿಯೂ ಡಿಐ ರೆಸಿನ್ ದಾಟಿ ಟಿಡಿಎಸ್ (ನೀರಿನ್ಯಾಗ ಕರಗಿದ ಲವಣದ ಅಳತಿ) ಸೊನ್ನಿಗೆ ಬಂದಿದ್ದು. ನಮಗ ನಳದಾಗ ಬರೂದು ಮಲಪ್ರಭಾ ನೀರು, ಬೋರಿನ ನೀರಿಗಿಂತ ಭಾಳ ಮೆದು, ಆರ್‌ಓ ಮೆಂಬ್ರೇನ್ ಬಾಳಿಕಿ ಬರತೈತಿ, ಆದ್ರ ನೀರು ಬರೂ ದಿವಸಾನ ತುಂಬಿಟ್ಕೋಬೇಕು, ಅದಕ್ಕ ಬ್ಯಾರೆ ಡ್ರಮ್ ತಗೊಂಡೀನಿ. ಆರ್‌ಓ ಬಿಟ್ಟ ನೀರು ಹಿತ್ತಲದ ಗಿಡಕ್ಕ. ಎಲ್ಲಾರೂ ಕೇಳತಾರ, ಕಾರವಾರ ಇಲ್ಲೇ ಐತೆಲ್ಲೋ, ಅರಬೈಲ್ ಘಟ್ಟ ಇಳದು ಒಂದು ಟೆಂಪೋ ಸಮುದ್ರದ ನೀರ ತರಬಾರದೇನು ಅಂತ. ದಂಡಿ ನೀರಿನ್ಯಾಗ ಬೋಟಿನ ಎಣ್ಣಿ ಇರತೈತಿ, ಕಾಳಿ ನದಿ ಬಂದು ಕೂಡೂ ಜಾಗಾದಾಗ ಮಳಿಗಾಲಕ್ಕ ಉಪ್ಪಿನ ಪ್ರಮಾಣ ಇಳೀತೈತಿ, ಮತ್ತ ನೀರು ಬದಲಿ ಮಾಡೂದು ಒಂದ ಸಲದ ಕೆಲಸ ಅಲ್ಲ. ರೀಫ್ ಸಾಲ್ಟ್ ಕಲಸೂದ ಚೊಲೊ, ಲೀಟರಿಗೆ 35ರಿಂದ 40 ಗ್ರಾಂ, ಮೊದಲ ಸಲಾನ 20 ಕೆಜಿ ಮ್ಯಾಲ ಹೋಗತೈತಿ.

ಗ್ಲಾಸ್ ವಿಷಯಕ್ಕ ಬರೂಣು. ಫಾರೆನ್ ಬ್ರ್ಯಾಂಡಿನ ರೆಡಿಮೇಡ್ ಟ್ಯಾಂಕ್ ನೋಡಿದ್ದೆ, ಫಿನಿಶಿಂಗ್ ಭಾಳ ಚಂದ, ಆದ್ರ ಆ ರೊಕ್ಕದಾಗ ಇಲ್ಲೆ ಟ್ಯಾಂಕ್ ಮಾಡಿಸಿ ಚಿಲ್ಲರ್ ಸೈತ ಬರತೈತಿ. ಬೆಂಗಳೂರು, ಪುಣೆದಾಗ ಮಾಡವರೂ ಅದಾರ. ನಾನು ಊರಾಗ ಮಾಡಸೂದಕ್ಕ ಒಂದ ಕಾರಣ, ಜಾಯಿಂಟ್ ಹಚ್ಚಿದ್ದು ಕಣ್ಣಿಲೆ ನೋಡಬಹುದು, ಅವರ ವರ್ಕ್‌ಶಾಪನ್ಯಾಗನ ನೀರು ತುಂಬಿಸಿ ಟೆಸ್ಟ್ ಮಾಡಿಸಿ ತರಬಹುದು. ಇವತ್ತ ಅವರು ಬ್ಯಾರೆ ಗಿರಾಕಿಗೆ ಮಾಡಿಟ್ಟ ಒಂದು ಟ್ಯಾಂಕ್ ತೋರಿಸಿದ್ರು, ಮೊಬೈಲ್ ಟಾರ್ಚ್ ಹಚ್ಚಿ ಜಾಯಿಂಟ್ ಉದ್ದಕ್ಕೂ ಬಗ್ಗಿ ನೋಡಿದೆ, ಎರಡು ಗ್ಲಾಸಿನ ನಡುವ ಸಿಲಿಕಾನ್ ಕರ್‍ರಗ ಒಂದ ಸಮ ಕುಂತಿತ್ತು, ಗಾಳಿ ಗುಳ್ಳಿ ಎಲ್ಲೂ ಇಲ್ಲ, ಮೂಲ್ಯಾಗ ಬೆರಳು ಎಳದ್ರ ಎಲ್ಲೂ ತಡೀಲಿಲ್ಲ, ಗ್ಲಾಸಿನ ಅಂಚೂ ಪಾಲಿಶ್ ಆಗಿತ್ತು. ಅವಾಗನ ಇವರ ಕಡೇನ ಅಂತ ಮನಸು ಮಾಡಿದೆ. ಮುಂದಿಂದು ಒಂದ ಎಕ್ಸ್‌ಟ್ರಾ ಕ್ಲಿಯರ್ ಗ್ಲಾಸ್, ಉಳದದ್ದು ಸಾದಾ ಫ್ಲೋಟ್, ಸಾದಾದರಾಗ ಕಬ್ಬಿಣದ ಅಂಶ ಇರೋದಕ್ಕ 12 ಎಂಎಂ ದಪ್ಪಕ್ಕ ಹಸಿರ ಛಾಯ ಬರತೈತಿ, ಕೋರಲ್ಲಿನ ಬಣ್ಣ ಹೊಂದೂದಿಲ್ಲ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗ್ಲಾಸ್) ಹಾಕಲ್ಯಾ ಅಂತ ಕೇಳಿದ್ರು, ಬ್ಯಾಡ್ರಿ ಅಣ್ಣಾರ ಅಂದೆ, ಟಫನ್ಡ್ ಮಾಡಿದ ಮ್ಯಾಲ ಪೈಪಿಗೆ ತೂತು ಹಾಕಾಕ ಬರೂದಿಲ್ಲ, ಹಾಕಾಕ ಹೋದ್ರ ಪುಡಿಪುಡಿ. ಫಂಗಸ್ ಬರದಂಗ ಔಷಧ ಕೂಡಿಸಿದ ಬಾತ್‌ರೂಮ್ ಸಿಲಿಕಾನ್ ಬ್ಯಾಡ ಅಂತಾನೂ ಬರದು ಕೊಟ್ಟೀನಿ.

ಟ್ಯಾಂಕಿನ ನೀರು ಕೆಳಗಿನ ಸಂಪಿಗೆ ಇಳಿಯಾಕ ಹಿಂದಿನ ಗ್ಲಾಸಿಗೆ ಓವರ್‌ಫ್ಲೋ ಬಾಕ್ಸ್ (ಅಲ್ಲಿಂದ ಪಂಪ್ ರಿಟರ್ನ್ ಪೈಪಿನ್ಯಾಗ ಮತ್ತ ಮ್ಯಾಲ ಎತ್ತತೈತಿ), ಮೂರು ಪೈಪ್: ಒಂದು ವಾಲ್ವ್ ಹಚ್ಚಿ ತುಂಬ ಹರಿಯೂದು, ಒಂದು ಅರ್ಧ ಹರಿಯೂದು, ಒಂದು ಖಾಲಿ, ಮೊದಲಿಂದು ಕಟ್ಟಿಕೊಂಡ್ರ ಉಳದ ಎರಡು ಕೈ ಹಿಡೀತಾವು. ಪ್ಲಂಬರ್ ಹಿತ್ತಾಳಿ ಟ್ಯಾಂಕ್ ನಿಪ್ಪಲ್ ತಂದಿದ್ರು, ವಾಪಸ್ ಮಾಡಿಸಿದೆ, ಹಿತ್ತಾಳ್ಯಾಗ ತಾಮ್ರ ಇರತೈತಿ, ತಾಮ್ರ ಸೀಗಡಿ, ಬಸವನಹುಳ, ಕೋರಲ್ ಎಲ್ಲಾದಕ್ಕೂ ವಿಷ, ಪೂರ್ತಿ ಪಿವಿಸಿನ ಬೇಕು. ಸಂಪ್ ಮೂರಡಿ, ದೀಡ ಅಡಿ, 16 ಇಂಚು, 170 ಲೀಟರ್ ಹಿಡೀತೈತಿ, ಆದ್ರ ನಾನು 90ಕ್ಕ ನಿಲ್ಲಸತೀನಿ. ಯಾಕಂದ್ರ ಕರೆಂಟ್ ಹೋತಂದ್ರ ಪಂಪ್ ನಿಲ್ಲತೈತಿ, ಮ್ಯಾಲಿನ ನೀರು ಓವರ್‌ಫ್ಲೋ ಮಟ್ಟಕ್ಕ, ರಿಟರ್ನ್ ಪೈಪಿನ ಬಾಯಿ ಮಟ್ಟಕ್ಕ ಇಳಿಯೂ ತನಕ ಕೆಳಗ ಬರತೈತಿ, ಈ ಅಗಲಕ್ಕ ಒಂದು ಇಂಚು ಇಳದ್ರ 29 ಲೀಟರ್, ಎರಡು ಇಂಚು ಅಂದ್ರ 60ರ ಹತ್ರ, ಮ್ಯಾಲ ಪೈಪನ್ಯಾಗಿಂದು. ಮೇ ತಿಂಗಳ ಗುಡುಗು ಮಳಿ ಬಂತಂದ್ರ ಕರೆಂಟ್ ಹೋಗೂದು ಗ್ಯಾರಂಟಿ, ಆ 80 ಲೀಟರ್ ಜಾಗಾ ಖಾಲಿ ಇರಲಿಲ್ಲಂದ್ರ ಉಪ್ಪುನೀರು ಪಡಸಾಲಿ ತುಂಬ.

ಕೋರಲ್ ಬಗ್ಗೆ ನಾನು ಗಟ್ಟಿ ನಿರ್ಧಾರ ಮಾಡೀನಿ. ನಮ್ಮ ರಾಜ್ಯದಾಗನ ಮುರ್ಡೇಶ್ವರದ ಮುಂದ ನೇತ್ರಾಣಿ ದ್ವೀಪದ ಸುತ್ತ ಕೋರಲ್ ಅದಾವು. ಅಲ್ಲಿಂದಾಗಲಿ, ಬ್ಯಾರೆ ಎಲ್ಲಿಂದಾಗಲಿ ನಮ್ಮ ಸಮುದ್ರದಿಂದ ಒಂದು ತುಂಡು ಕೋರಲ್ ತೆಗದ್ರೂ ಅಪರಾಧ, ರೀಫ್ ಕಟ್ಟೂ ಕಲ್ಲು ಕೋರಲ್, ಸೀ ಫ್ಯಾನ್, ಕುದುರಿಮೀನು ಎಲ್ಲಾ 1972ರ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿನ್ಯಾಗ ಅದಾವು, ಹುಲಿ ಇರೋ ಶೆಡ್ಯೂಲ್ ಅದು. ಯಾರರೆ ಬಂದು ಲೋಕಲ್ ಐತ್ರಿ, ಅಗ್ಗ ಕೊಡತೀನಿ ಅಂದ್ರ ತಗೋಬ್ಯಾಡ್ರಿ, ನಾವು ತಗೊಂಡ್ರನ ಅವರು ಮತ್ತ ಹೋಗಿ ಒಡೀತಾರ. ನನ್ನ ಟ್ಯಾಂಕನ್ಯಾಗ ಒಣ ಕಲ್ಲು, ಅದರ ಮ್ಯಾಲ ಮಶ್ರೂಮ್, ಝೋಆಂಥಿಡ್, ಲೆದರ್ ಅನ್ನೂ ಮೆದು ಜಾತಿ ಅಷ್ಟ, ಅವೂ ಟ್ಯಾಂಕನ್ಯಾಗ ಬೆಳಸಿ ಕತ್ತರಿಸಿದ ಫ್ರ್ಯಾಗ್ (ಸಣ್ಣ ತುಂಡು), ಬಿಲ್ ಸಮೇತ. ಝೋಆಂಥಿಡ್ ಇಡವರು ಕೈಗೆ ಗ್ಲೌಸ್, ಕಣ್ಣಿಗೆ ಚಶ್ಮಾ ಹಾಕ್ಕೊಳ್ರಿ, ಅವು ಹತ್ತಿದ ಕಲ್ಲನ್ನ ಎಂದೂ ಬಿಸಿನೀರಿಗೆ ಹಾಕಿ ಕುದಸಬ್ಯಾಡ್ರಿ, ಕೆಲವು ಜಾತಿಯೊಳಗ ಪ್ಯಾಲಿಟಾಕ್ಸಿನ್ ಅನ್ನೋ ಕೆಟ್ಟ ವಿಷ ಇರತೈತಿ, ಆ ಹಬಿ ಮೂಗಿಗೆ ಹೋಗಿ ಇಡೀ ಮನಿ ಮಂದಿ ದವಾಖಾನಿ ಸೇರಿದ್ದು ಬ್ಯಾರೆ ದೇಶದಾಗ ಆಗೈತಿ.

ಟ್ಯಾಂಕ್ ಕುಂತ ಮ್ಯಾಲ ಒಂದು ತಿಂಗಳರೆ ಒಳಗ ಮೀನು ಬಿಡೂದಿಲ್ಲ, ಮೀನಿಗೆ ವಿಷ ಆಗೂ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನಿಗೆ ಬರೂ ತನಕ ಕಲ್ಲಿನ ಮ್ಯಾಲ ಅವನ್ನ ಅರಗಿಸೂ ಬ್ಯಾಕ್ಟೀರಿಯಾ ಬೆಳೀಲಿ. ಮಗಳಿಗೆ ಈಗನ ಹೇಳಿಟ್ಟೀನಿ, ಟೆಸ್ಟ್ ಕಿಟ್ಟಿನ ಬಣ್ಣ ನೋಡಿ ನೋಟ್‌ಬುಕ್ಕಿನ್ಯಾಗ ಬರಿಯೂ ಕೆಲಸ ಅಕಿದು. ನಾಳೆ ಎಲೆಕ್ಟ್ರಿಶಿಯನ್ ಬರತಾರ, ಚಿಲ್ಲರಿಗೆ 16 ಆಂಪ್ ಬ್ಯಾರೆ ಲೈನ್, ಟ್ಯಾಂಕಿನ ಲೈನಿಗೆಲ್ಲಾ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಲೈನ್ ಕಡಿಯೂ ಸ್ವಿಚ್), ಟ್ಯಾಂಕಿನೊಳಗ ನೀರು ಆಡಸೂ ವೇವ್ ಪಂಪ್ ಒಂದು ಮಾತ್ರ ಇನ್ವರ್ಟರ್ ಮ್ಯಾಲ, ಮತ್ತ ಸಾಕೆಟ್ ಎಲ್ಲಾ ಸಂಪಿನ ಬಾಜೂಕ ಹಾಕದ ಗ್ವಾಡಿ ಮ್ಯಾಲ ಎತ್ತರಕ್ಕ ಹಾಕಸತೀನಿ. ಟ್ಯಾಂಕ್ ಎತ್ತಾಕ ಅಮರಗೋಳ ಎಪಿಎಂಸಿ ಹಮಾಲರಿಗೆ ಹೇಳಬೇಕು, ಗ್ಲಾಸ್ ಅಂಗಡಿಯವರು ಸಕ್ಷನ್ ಹ್ಯಾಂಡಲ್ ಕೊಡತೀನಿ ಅಂದಾರ. ಲೈಟ್ ಇನ್ನೂ ಆರಿಸಿಲ್ಲ, ಹುಬ್ಬಳ್ಳಿ ಧಾರವಾಡದಾಗ ಯಾರರೆ ಮೆದು ಕೋರಲ್ ಇಟ್ಟವರು ಇದ್ರ ಯಾವ ಲೈಟ್ ಹಚ್ಚೀರಿ, ಎಷ್ಟು ಎತ್ತರಕ್ಕ ತೂಗು ಹಾಕೀರಿ ಅಂತ ತಿಳಸ್ರಿ.