ಗುದ್ದಲಿಗೂ ಒಂದು ವಿಭೂತಿ

ನವರಾತ್ರಿಯ ಒಂಬತ್ತೂ ದಿನ ನಮ್ಮೂರ ಹೆಂಗಸರು ಕೋಳಿ ಕೂಗುವ ಮೊದಲೇ ಏಳುತ್ತಾರೆ. ಸ್ನಾನ ಮುಗಿಸಿ, ಆರತಿ ತಟ್ಟೆ ಹಿಡಿದು, ಊರ ಹೊರಗಿನ ಬನ್ನಿ ಗಿಡಕ್ಕೆ ಹೊರಡುತ್ತಾರೆ. ಬನ್ನಿ ಮಹಾಂಕಾಳಿ ಪೂಜೆ. ಗದಗ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಬ್ಬಳ್ಳಿಯಲ್ಲಿ ನೌಕರಿ ಹಿಡಿದ ಮೇಲೂ ನಾನು ಕೊನೆಯ ಮೂರು ದಿನಕ್ಕಾದರೂ ಊರಿಗೆ ಬರುತ್ತೇನೆ.

ಚಿಕ್ಕವಳಿದ್ದಾಗ ಅಜ್ಜಿಯ ಸೆರಗು ಹಿಡಿದು ಹೋಗುತ್ತಿದ್ದೆ. ಪಕ್ಕದಲ್ಲಿ ಅಜ್ಜ, ಕೈಯಲ್ಲಿ ಬ್ಯಾಟರಿ. ಅದರ ಗಾಜಿಗೆ ಎರಡು ಬೆರಳು ಅಡ್ಡ ಹಿಡಿದಿರುತ್ತಿದ್ದ. ಬೆಳಕು ನಮ್ಮ ಕಾಲ ಬುಡಕ್ಕೆ ಮಾತ್ರ ಬೀಳಬೇಕು, ಯಾರ ಮುಖಕ್ಕೂ ಬೀಳಬಾರದು. ಪೂಜೆ ಮುಗಿಯುವ ತನಕ ದೂರದ ಬದುವಿನ ಮೇಲೆ ಕತ್ತಲಲ್ಲೇ ಕೂತಿರುತ್ತಿದ್ದ. "ನಂದು ಸಂತ್ರಿ ಡ್ಯೂಟಿ" ಅನ್ನುತ್ತಿದ್ದ.

ಅಜ್ಜ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಗೆ ಭರ್ತಿಯಾದವನು. 1971ರ ಯುದ್ಧದಲ್ಲಿ ಜಮಾಲಪುರದಲ್ಲಿದ್ದ. ಅದು ಈಗ ಬಾಂಗ್ಲಾದೇಶದಲ್ಲಿದೆ. ಪೂರ್ವಿ ಸ್ಟಾರ್ ಪದಕ ಕರೀ ಟ್ರಂಕಿನ ತಳದಲ್ಲಿ, ಒಂದು ಕರವಸ್ತ್ರದಲ್ಲಿ ಸುತ್ತಿಟ್ಟಿತ್ತು. ಯುದ್ಧದ ಕತೆ ಹೇಳು ಅಂತ ಗಂಟುಬಿದ್ದರೆ, "ಏನೈತಿ ಹೇಳಾಕ? ಗುಂಡು ಹಾರಿಸಿದ್ದಕ್ಕಿಂತ ತೆಗ್ಗು ತೋಡಿದ್ದ ಜಾಸ್ತಿ" ಎಂದು ನಗುತ್ತಿದ್ದ.

ಅದು ಬರೀ ತಮಾಷೆಯ ಮಾತಲ್ಲ ಅಂತ ಆಮೇಲೆ ತಿಳಿಯಿತು. ಜಮಾಲಪುರದಿಂದ ದಕ್ಷಿಣಕ್ಕೆ ಹೋಗುವ ದಾರಿಗೆ ಅಡ್ಡಲಾಗಿ ತೆಗ್ಗು ತೋಡಿ ಕೂತಿತ್ತಂತೆ ಇವರ ಪಲ್ಟನ್. ಡಿಸೆಂಬರ್ 10ರ ರಾತ್ರಿ ಊರೊಳಗಿದ್ದ ಪಾಕಿಸ್ತಾನಿ ಸೈನಿಕರು ಆ ದಾರಿಯಲ್ಲೇ ನುಗ್ಗಿದರು. ರಾತ್ರಿಯಿಡೀ ಗುಂಡು. ಮರುದಿನ ಉಳಿದವರು ಶರಣಾದರು. "ಆ ಮಣ್ಣು ನನ್ನ ಉಳಿಸ್ತು, ಯವ್ವಾ" ಅಂದಿದ್ದ. ಒಮ್ಮೆ ನಮ್ಮ ಕಣದಲ್ಲಿ ಜೋಳದ ರಾಶಿ ನೋಡುತ್ತಾ ನಿಂತವನು, "ಬಂದೂಕು ಹಿಂಗ ರಾಶಿ ಬಿದ್ದಿದ್ದುವು" ಎಂದ. ಅಷ್ಟೇ. ಆ ಮಾತು ಮತ್ತೆ ಬರಲಿಲ್ಲ.

ಖಂಡೆ ಪೂಜೆಗೆ ನಮ್ಮ ಮನೆಯಲ್ಲಿ ಕುಡುಗೋಲು, ಕೊಡ್ಲಿ, ಈಳಿಗೆ, ಕೂರಿಗೆ ಎಲ್ಲ ತೊಳೆದು ಇಡುತ್ತಾರೆ. ಈಗ ನನ್ನ ಲ್ಯಾಪ್‌ಟಾಪೂ ಆ ಸಾಲಿಗೆ ಸೇರಿದೆ. ಕೀಬೋರ್ಡಿನೊಳಗೆ ಬಿದ್ದ ಅಕ್ಷತೆ ಇನ್ನೂ ಹೊರಗೆ ಬಂದಿಲ್ಲ! ಅಜ್ಜ ಇಡುತ್ತಿದ್ದದ್ದು ಗುದ್ದಲಿ. ಅದಕ್ಕೆ ತಾನೇ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದ. ಫೌಜಿನವನ ಮನೆ, ಒಂದು ಕತ್ತಿಯಾದರೂ ಬೇಡವಾ ಎಂದು ಸೋದರಮಾವ ಒಮ್ಮೆ ಚೇಷ್ಟೆ ಮಾಡಿದ್ದ. "ನನ್ನ ಬಂದೂಕು ಕೋತ್‌ನ್ಯಾಗ ಐತಿ" ಅಂದ ಅಜ್ಜ.

ಕೋತ್ ಅಂದರೆ ಫೌಜಿನಲ್ಲಿ ಬಂದೂಕು ಇಡುವ ಖೋಲಿ. ಡ್ಯೂಟಿ ಮುಗಿದ ಮೇಲೆ ಅಲ್ಲಿ ಒಪ್ಪಿಸಿ ಬರಬೇಕು. ಆಮೇಲೆಯೇ ಊಟ, ನಿದ್ದೆ. ಅಜ್ಜನ ಪ್ರಕಾರ ಬನ್ನಿ ಗಿಡ ಪಾಂಡವರ ಕೋತ್. ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಕಟ್ಟಿ ಆ ಗಿಡದಲ್ಲಿಟ್ಟರು. ಯಾರೂ ಹತ್ತಿರ ಸುಳಿಯದಿರಲಿ ಅಂತ ಒಂದು ಹೆಣವನ್ನೂ ತೂಗುಹಾಕಿದರು. ಅರ್ಜುನ ಗಾಂಡೀವವನ್ನು ಇಳಿಸಿಕೊಂಡ ಕತೆಯನ್ನು ಎಲ್ಲರೂ ಕುಣಿದಾಡಿ ಹೇಳುತ್ತಾರೆ, ಅಲ್ವಾ? ಅಜ್ಜನಿಗೆ ಆಯುಧ ಇಟ್ಟು ಬರಿಗೈಯಲ್ಲಿ ನಡೆದು ಹೋದದ್ದೇ ದೊಡ್ಡದಾಗಿ ಕಾಣುತ್ತಿತ್ತು. "ಒಂದ್ ವರ್ಷ ಒಬ್ಬ ಅಡಗಿ ಮಾಡಿದ, ಒಬ್ಬ ಕುಣಿಯಾಕ ಕಲಿಸಿದ, ಒಬ್ಬ ದನ ಕಾಯ್ದ. ಸಣ್ಣ ಮಾತಲ್ಲ ಅದು" ಅನ್ನುತ್ತಿದ್ದ. ಪಿಂಚಣಿ ಕೆಲಸಕ್ಕೆ ಗದಗಕ್ಕೆ ಹೋದಾಗೆಲ್ಲ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬಕ್ಕೆ ಕೈಮುಗಿದು, ಸುಮ್ನೆ ಅರ್ಧ ತಾಸು ಕೂತು ಬರುತ್ತಿದ್ದ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಊರಲ್ಲಿ ಯಾರೇ ತೀರಿಕೊಂಡರೂ ಕುಣಿ ತೋಡಲು ಅಜ್ಜ ಗುದ್ದಲಿ ಹೆಗಲಿಗೇರಿಸಿ ಹೊರಡುತ್ತಿದ್ದ. ಮಾತಾಡಿಸದವರ ಮನೆಯಾದರೂ ಸರಿ. ಕುಣಿಯ ಮೂಲೆಗಳು ನೂಲು ಹಿಡಿದ ಹಾಗೆ ಇರಬೇಕು. ವಯಸ್ಸಾದ ಮೇಲೆ ತೋಡಲು ಆಗದಿದ್ದರೂ ದಂಡೆಯ ಮೇಲೆ ನಿಂತು ಹುಡುಗರನ್ನು ಗದರಿಸುತ್ತಿದ್ದ.

ಹೋದ ಮಾಘದಲ್ಲಿ ಅದೇ ಗುದ್ದಲಿಯಿಂದ ಅಜ್ಜನ ಕುಣಿ ತೋಡಿದರು. ನಮ್ಮದೇ ಹೊಲದಲ್ಲಿ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂಡಿಸಿ, ಮೇಲೆ ವಿಭೂತಿ ಬಿಲ್ವಪತ್ರೆ ಹಾಕಿದರು. ಮೂಲೆಗಳು ನೆಟ್ಟಗೆ ಇದ್ದವು. ನಾನು ಬಗ್ಗಿ ನೋಡಿದೆ.

ಈ ಸಲ ಖಂಡೆ ಪೂಜೆಗೆ ಅಜ್ಜಿ ಮೊದಲು ಮುಟ್ಟಿದ್ದು ಗುದ್ದಲಿಯನ್ನೇ. ಕಾವು ಕೂರುವ ಕಿವಿಯಲ್ಲಿ ಒಣಗಿದ ಎರೆಮಣ್ಣು ಕಚ್ಚಿಕೊಂಡಿತ್ತು. ತೊಳೆಯಲು ನಾನು ನೀರು ತಂದೆ. ಅಜ್ಜಿ ಬೇಡ ಅಂದಳು. ಮಣ್ಣಿನ ಸಮೇತ ವಿಭೂತಿ ಎಳೆದಳು.

ಮರುದಿನ ಸಂಜೆ ಪಲ್ಲಕ್ಕಿ ಬನ್ನಿ ಗಿಡಕ್ಕೆ ಹೋಗಿ ಬಂತು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತಾ ಎಲ್ಲರೂ ಎಲೆ ಕೊಟ್ಟು, ಹಿರಿಯರ ಕಾಲಿಗೆ ಬಿದ್ದದ್ದಾಯಿತು. ಪ್ರತಿ ವರ್ಷ ನನ್ನ ಮೊದಲ ಬನ್ನಿ ಅಜ್ಜನಿಗೇ ಹೋಗುತ್ತಿತ್ತು. ಕತ್ತಲಾದ ಮೇಲೆ ಅಜ್ಜಿಯನ್ನು ಕರೆದುಕೊಂಡು ಹೊಲದ ಗದ್ದಿಗೆಗೆ ಹೋದೆ. ಬ್ಯಾಟರಿ ನನ್ನ ಕೈಯಲ್ಲಿತ್ತು. ಬೆಳಕು ನೇರ ಗದ್ದಿಗೆಯ ಮೇಲೆ ಬಿತ್ತು.

"ಬೆರಳ ಅಡ್ಡ ಹಿಡೀ" ಅಂದಳು ಅಜ್ಜಿ. "ಮಾರಿ ಮ್ಯಾಲ ಬೆಳಕ ಬಿದ್ರ ನಿಮ್ಮಜ್ಜಗ ಸಿಟ್ಟ ಬರ್ತೈತಿ."

ಗಾಜಿನ ಮೇಲೆ ಎರಡು ಬೆರಳು ಇಟ್ಟೆ. ಅಜ್ಜಿ ಕೂತು, ತಡಕಾಡಿ, ಬನ್ನಿ ಎಲೆ ಇಟ್ಟಳು.